ಚಕ್ಕುಬಂದಿ

ಮನೆ ನೋಡಲು ತಿಪಟೂರಿನಿಂದ ಬಂದ ನಮ್ಮತ್ತೆ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಜಾರದ ಈ ಗೋಡೆಯಿಂದ ಅಡುಗೆಮನೆಯ ಆ ಗೋಡೆಯವರೆಗೆ ಹೆಜ್ಜೆ ಹಾಕಿದರು. ಬಾಯಲ್ಲಿ ಏನೋ ಎಣಿಕೆ ನಡೆದಿತ್ತು. ಅಡ್ಡಕ್ಕೂ ಹಾಗೇ ಒಂದು ಸಲ ನಡೆದರು. ಆಮೇಲೆ ನನ್ನ ಕಡೆ ತಿರುಗಿ, "ಒಂದು ಮರ" ಅಂದರು.

ನನಗೆ ಅರ್ಥವಾಗಲಿಲ್ಲ.

"ತೆಂಗಿನ ಸಸಿ ಇಟ್ರೆ ಮರದಿಂದ ಮರಕ್ಕೆ ಇಪ್ಪತ್ತೈದು ಅಡಿ ಬಿಡಬೇಕು ಕಣಮ್ಮ. ಉದ್ದಕ್ಕೂ ಇಪ್ಪತ್ತೈದು, ಅಡ್ಡಕ್ಕೂ ಇಪ್ಪತ್ತೈದು. ನೀವು ತಗೊಂಡಿರೋದು ಒಂದು ಮರದ ಜಾಗ."

ನಮ್ಮ ಹೊಸ ಮನೆ 640 ಚದರಡಿ. ಹೊಸದು ನಮಗೆ ಮಾತ್ರ, ಕಟ್ಟಿದ್ದು 1989ರಲ್ಲಿ. ಇಪ್ಪತ್ತೈದನ್ನು ಇಪ್ಪತ್ತೈದರಿಂದ ಗುಣಿಸಿದರೆ 625. ಮಿಕ್ಕ ಹದಿನೈದು ಚದರಡಿ ಬಾಲ್ಕನಿಯದ್ದಿರಬೇಕು. ಅತ್ತೆ ಓದಿದ್ದು ಏಳನೇ ಕ್ಲಾಸು.

"ಎಷ್ಟು ಕೊಟ್ರಿ?" ಅಂತ ಮುಂದಿನ ಪ್ರಶ್ನೆ. ನಮ್ಮವರು ಗಂಟಲು ಸರಿಮಾಡಿಕೊಂಡು, ಕೊಟ್ಟದ್ದರಲ್ಲಿ ಸರಿಯಾಗಿ ಅರ್ಧ ಹೇಳಿದರು. ಅತ್ತೆ ಅದಕ್ಕೇ ಗೋಡೆ ಹಿಡಿದುಕೊಂಡು ಕೂತುಬಿಟ್ಟರು. ಅಷ್ಟು ದುಡ್ಡಿಗೆ ಅವರ ಕಡೆ ಎಷ್ಟು ತೆಂಗು, ಎಷ್ಟು ಅಡಿಕೆ, ಬೋರ್‌ವೆಲ್ ಸಮೇತ ಎಷ್ಟು ಎಕರೆ ಬರುತ್ತದೆ ಎನ್ನುವುದನ್ನು ಊಟ ಮುಗಿಯುವವರೆಗೆ ಲೆಕ್ಕ ಹಾಕುತ್ತಿದ್ದರು. ಅತ್ತೆ ಪತ್ರಿಕೆಗಳನ್ನು ಜಾಹೀರಾತೂ ಬಿಡದೆ ಓದುವವರಾದ್ದರಿಂದ ನಿಜವಾದ ಬೆಲೆಯನ್ನು ಇಲ್ಲಿಯೂ ಬರೆಯುತ್ತಿಲ್ಲ.

"ಅದಿರಲಿ, ನೆಲ ಎಲ್ಲಿ?"

"ಎರಡನೇ ಮಹಡಿ ಅಲ್ವಾ ಅತ್ತೆ, ನೆಲ ಕೆಳಗಿದೆ. ಅದರಲ್ಲಿ ನಮಗೂ ಮುನ್ನೂರು ಚದರಡಿ ಇದೆ."

"ಯಾವ ಮುನ್ನೂರು?"

"ಇಂಥದ್ದೇ ಅಂತಿಲ್ಲ. ಅವಿಭಜಿತ ಪಾಲು ಅಂತಾರೆ."

"ಪಾಲಾಗದೆ ಇರೋದು ಪಾಲು ಹೆಂಗಾಗುತ್ತೆ?"

ನಾಲ್ವರು ಮೈದುನರ ಪಾರೀಖತ್ತನ್ನು ಕಣ್ಣಾರೆ ಕಂಡವರು ಅತ್ತೆ. ಒಂದು ಹುಣಿಸೆಮರದ ನೆರಳು ಯಾರ ಪಾಲಿಗೆ ಬೀಳುತ್ತದೆ ಎಂದು ಎರಡು ವರ್ಷ ಮಾತು ಬಿಟ್ಟ ಮನೆತನ. ಅವರ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮನೆ ಮಾರಿಸಿಕೊಟ್ಟ ಬ್ರೋಕರನ ಹತ್ತಿರವೂ ಇರಲಿಲ್ಲ, ಅವನಿಗೆ ಗೊತ್ತಿದ್ದ ಉತ್ತರ ಒಂದೇ, "ಟೈಟಲ್ ಕ್ಲೀನ್ ಇದೆ ಮೇಡಂ."

ಈ ಮನೆಗೆ ಬರುವ ಮೊದಲು ನಾವು ಹದಿನೇಳು ವರ್ಷ ಬಾಡಿಗೆ ಮನೆಗಳಲ್ಲಿ ಇದ್ದೆವು. ಹನ್ನೊಂದು ತಿಂಗಳಿಗೊಮ್ಮೆ ಕರಾರು, ಮೊಳೆ ಹೊಡೆಯಲು ಅಪ್ಪಣೆ, ನೆಂಟರು ಮೂರು ದಿನಕ್ಕಿಂತ ಹೆಚ್ಚು ನಿಂತರೆ ಕೆಳಗಿನಿಂದ ಓನರಮ್ಮನ ಕೆಮ್ಮು. ಸ್ವಂತ ಮನೆ ಎಂಬ ಜ್ವರ ಏರಿದ ಮೇಲೆ ಎಲ್ಲರಂತೆ ನಾವೂ ಊರಾಚೆಯ ಎತ್ತರದ ಕಟ್ಟಡಗಳ ಕಡೆಗೇ ಹೋದೆವು. ಅವುಗಳ ಹೆಸರು ಓದಿದರೆ ಇಟಲಿಗೋ ಸ್ಪೇನಿಗೋ ಬಂದಿಳಿದ ಹಾಗೆ. ತೋರಿಸಲೆಂದೇ ಸಿಂಗರಿಸಿಟ್ಟ ಫ್ಲ್ಯಾಟಿನಲ್ಲಿ ಎಲ್ಲ ಇತ್ತು. ಮೇಜಿನ ಮೇಲೆ ತಟ್ಟೆ, ತಟ್ಟೆ ಪಕ್ಕದಲ್ಲಿ ಮಡಿಸಿಟ್ಟ ಬಟ್ಟೆ, ಬುಟ್ಟಿಯಲ್ಲಿ ಮೇಣದ ಹಣ್ಣು. ನಮ್ಮವರು ಹಾಸಿಗೆಯ ಮೇಲೆ ಮಲಗಿ ನೋಡಿದರು. ಮೊಣಕಾಲಿನಿಂದ ಕೆಳಗೆ ಎಲ್ಲವೂ ಹೊರಗೆ. ಕೋಣೆ ದೊಡ್ಡದಾಗಿ ಕಾಣಲಿ ಎಂದು ಮಂಚವನ್ನೇ ಗಿಡ್ಡ ಮಾಡಿಸಿದ್ದರು.

ಅಲ್ಲಿ ನಾನು ಕಲಿತ ದೊಡ್ಡ ಪಾಠ ಅಳತೆಯದು. ಕಾರ್ಪೆಟ್ ಏರಿಯಾ ಅಂದರೆ ಜಮಖಾನ ಹಾಸಬಹುದಾದಷ್ಟು ಜಾಗ. ಬಿಲ್ಟಪ್ ಅಂದರೆ ಗೋಡೆಯ ದಪ್ಪವೂ ಸೇರಿ. ಸೂಪರ್ ಬಿಲ್ಟಪ್ ಅಂದರೆ ಲಿಫ್ಟು, ಮೆಟ್ಟಿಲು, ಲಾಬಿಯ ಸೋಫಾ ಇಟ್ಟ ಜಾಗ, ನಾವು ಎಂದೂ ಇಳಿಯದ ಈಜುಕೊಳದ ದಡ ಎಲ್ಲದರಲ್ಲೂ ನಮ್ಮದೊಂದು ಚೂರು. ಸಾವಿರದ ಇನ್ನೂರು ಚದರಡಿ ಎಂದವರ ಮನೆಯಲ್ಲಿ ಕಾಲಿಡಲು ಸಿಕ್ಕದ್ದು ಎಂಟುನೂರು ಚಿಲ್ಲರೆ. ನಮ್ಮ ಕಾಲೇಜಿನ ಹುಡುಗರು ಇಲ್ಲದ್ದನ್ನು ಇದೆಯೆಂದು ತೋರಿಸಿಕೊಳ್ಳುವುದಕ್ಕೆ 'ಬಿಲ್ಡಪ್ ಕೊಡೋದು' ಅನ್ನುತ್ತಾರೆ. ಆ ಮಾತು ಸಿನಿಮಾದಿಂದ ಬಂತೆಂದು ಇಷ್ಟು ದಿನ ನಂಬಿದ್ದೆ. 2016ರ ರೇರಾ ಕಾಯ್ದೆ ಬಂದ ಮೇಲೆ ಕಾರ್ಪೆಟ್ ಲೆಕ್ಕದಲ್ಲೇ ಮಾರಬೇಕು ಎಂದಾಗಿದೆಯಂತೆ, ಸಂತೋಷ. ಆದರೆ ಮಾರುವ ಹುಡುಗನ ನಾಲಿಗೆ ಇನ್ನೂ ಸೂಪರ್‌ನಲ್ಲೇ ಇತ್ತು.

ಅಲ್ಲಿಂದ ವಾಪಸು ಬರುವಾಗ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕೂತೆವು. ಎರಡನೇ ಗಂಟೆಯ ನಡುವೆ ನಮ್ಮವರು ಮೆಲ್ಲಗೆ, "ಅಲ್ಲಿ ಒಂದು ಕಟ್ಟು ಕೊತ್ತಂಬರಿ ಬೇಕಾದ್ರೆ ಏನ್ಮಾಡ್ತಾರೆ?" ಎಂದರು. ನಮ್ಮ ಮನೆಯ ಭವಿಷ್ಯ ತೀರ್ಮಾನವಾದದ್ದು ಆ ಕೊತ್ತಂಬರಿಯಿಂದ.

ಮಲ್ಲೇಶ್ವರದಲ್ಲಿ ಕೊತ್ತಂಬರಿಗೆ ಬರವಿಲ್ಲ. ಎಂಟನೇ ಕ್ರಾಸಿನಲ್ಲಿ ಅದು ತಾನಾಗಿ ಬಂದು ಚೀಲಕ್ಕೆ ಬೀಳುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಅಲ್ಲಿ ಒಮ್ಮೆ ಸಿಕ್ಕಿಕೊಂಡವರು ಬಾಳೆಕಂದು, ತಾವರೆ ಮೊಗ್ಗು, ಮೊಳಕ್ಕಿಷ್ಟು ಎಂದು ಗಂಟೆಗಂಟೆಗೂ ಏರುವ ಕನಕಾಂಬರ, ಇವುಗಳ ನಡುವೆ ಕಾಲು ನೆಲಕ್ಕೆ ತಾಗದೆಯೇ ಸಂಪಿಗೆ ರಸ್ತೆಯಿಂದ ಮಾರ್ಗೋಸಾ ರಸ್ತೆಗೆ ತಲುಪಬಹುದು. ನೂಕಿಕೊಂಡು ಹೋಗುವ ಕೆಲಸವನ್ನು ಹಿಂದಿನವರು ಮಾಡುತ್ತಾರೆ. ಅವರೆಕಾಯಿ ಕಾಲದಲ್ಲಿ ಬೀದಿಗೆ ಬೀದಿಯೇ ಸೊಗಡು. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆಗಾಗಿ ಸಿಟಿಆರ್ ಮುಂದೆ ನಿಂತವರ ಮುಖಗಳಲ್ಲಿ, ದೇವಸ್ಥಾನದ ಸರದಿಯಲ್ಲೂ ಕಾಣದ ಭಕ್ತಿ.

ಇದರಲ್ಲಿ ಒಂದು ತಮಾಷೆಯಿದೆ. ಈ ಬಡಾವಣೆ ಬೆಳೆದದ್ದೇ ಜನಸಂದಣಿಗೆ ಹೆದರಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತಾಗ, ಗಾಳಿ ಬೆಳಕು ಆಡುವ ಕಡೆ ಇರಲಿ ಎಂದು ಮಲ್ಲೇಶ್ವರ, ಬಸವನಗುಡಿಗಳಿಗೆ ಅವರನ್ನು ಹೊರಡಿಸಿದರು. ನೇರ ಕ್ರಾಸುಗಳು, ಮನೆ ಸುತ್ತ ಬಯಲು, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ, ರಸ್ತೆಗೆ ಸಂಪಿಗೆ, ಬೇವು. ಆಗ ಜನ ದುಡ್ಡು ಕೊಟ್ಟು ಸಂದಣಿಯಿಂದ ತಪ್ಪಿಸಿಕೊಂಡು ಇಲ್ಲಿಗೆ ಬಂದರು. ನಾವು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ದುಡ್ಡು ಕೊಟ್ಟು ಸಂದಣಿ ಬೇಕೆಂದು ಬಂದಿದ್ದೇವೆ. ನಮ್ಮ ಕಟ್ಟಡವೂ ಅಂಥ ಒಂದು ನಲವತ್ತು ಅರವತ್ತರ ಸೈಟಿನ ಮೇಲೆಯೇ ಇದೆ. ಒಂದು ಸಂಸಾರವಿದ್ದ ಮನೆ ಕೆಡವಿ ಎಂಟು ಸಂಸಾರ ಕೂರಿಸಿದ್ದಾರೆ. ಮಹಡಿಗೆ ಎರಡರಂತೆ ನಾಲ್ಕು ಅಂತಸ್ತು, ಲಿಫ್ಟಿಲ್ಲ, ಕಾರು ನಿಲ್ಲಿಸಲು ಜಾಗವಿಲ್ಲ. 2,400 ಚದರಡಿಯನ್ನು ಎಂಟರಿಂದ ಭಾಗಿಸಿ, ಆದರೆ ಭಾಗಿಸದೆ, ನಮಗೆ ಮುನ್ನೂರು.

ಹಳೆಯ ಮನೆಗೆ ಸಾಲ ಕೇಳುವುದು ಹಳೆಯ ಹುಡುಗನಿಗೆ ಹೆಣ್ಣು ಕೇಳಿದ ಹಾಗೆ. ಬ್ಯಾಂಕು ಕಳಿಸಿದ ಎಂಜಿನಿಯರು ಗೋಡೆಗೆ ಬೆರಳು ಮಡಿಸಿ ತಟ್ಟಿ, ಕಿವಿಗೊಟ್ಟು, ಕಟ್ಟಡಕ್ಕೆ ಇನ್ನು ಇಪ್ಪತ್ತೈದು ವರ್ಷ ಆಯಸ್ಸು ಎಂದು ಬರೆದರು. ಬ್ಯಾಂಕಿನವರು ಆ ಕಾಗದದ ಪಕ್ಕದಲ್ಲಿ ನನ್ನ ಜನ್ಮದಿನಾಂಕ ಇಟ್ಟು ನೋಡಿ, ನನಗೆ ಹನ್ನೊಂದು ವರ್ಷ ಕೊಟ್ಟರು. ಅದು ನನ್ನ ನಿವೃತ್ತಿಗೆ ಉಳಿದ ಕಾಲ. ಗೋಡೆಗೆ ನನಗಿಂತ ಹದಿನಾಲ್ಕು ವರ್ಷ ಹೆಚ್ಚು ಭರವಸೆ ಇದೆ ಎಂದು ತಿಳಿದ ದಿನದಿಂದ ನಾನು ಬೆಳಿಗ್ಗೆ ಸ್ಯಾಂಕಿ ಕೆರೆಯ ಸುತ್ತ ನಡೆಯಲು ಶುರುಮಾಡಿದ್ದೇನೆ.

ಕಾಗದಪತ್ರಗಳ ವಿಷಯ ಬರೆದರೆ ಅದೇ ಒಂದು ಪುಸ್ತಕ. ಎಲ್ಲರ ಬಾಯಲ್ಲೂ 'ಇಸಿ' ಎಂದೇ ಓಡಾಡುವ ಕಾಗದಕ್ಕೆ ಕನ್ನಡದಲ್ಲಿ ಋಣಭಾರ ಪ್ರಮಾಣಪತ್ರ ಎಂಬ ಗಂಭೀರ ಹೆಸರಿದೆ. ಮನೆಯ ಮೇಲೆ ಯಾರ ಋಣವೂ ಇಲ್ಲದಿದ್ದರೆ ನಮೂನೆ 16, ಏನಾದರೂ ವ್ಯವಹಾರ ನಡೆದಿದ್ದರೆ ನಮೂನೆ 15. ನಮ್ಮಜ್ಜಿ ಇದ್ದಿದ್ದರೆ ಋಣ ಇಲ್ಲದೆ ಒಂದು ಇರುವೆಯೂ ಮನೆಯೊಳಗೆ ಬರುವುದಿಲ್ಲ, ಎಲ್ಲರಿಗೂ ನಮೂನೆ 15ನ್ನೇ ಕೊಡಿ ಎನ್ನುತ್ತಿದ್ದಳು. 2004ರಿಂದ ಈಚಿನದು ಕಂಪ್ಯೂಟರಿನಲ್ಲಿ ಸಿಕ್ಕಿತು. ಅದಕ್ಕೂ ಹಿಂದಿನದು ಕೈಬರಹದ ದಪ್ಪ ಪುಸ್ತಕಗಳಲ್ಲಿ. ಅಲ್ಲಿ ತೆಗೆಸಿ ನೋಡಿದರೆ ಮಾರುವವರ ತಂದೆಯ ಹೆಸರು ಒಂದು ಪತ್ರದಲ್ಲಿ 'ಸ್ವಾಮಿ' ಎಂದು ಮುಗಿದಿದೆ, ಇನ್ನೊಂದರಲ್ಲಿ 'ಸಾಮಿ' ಎಂದು. ವಕೀಲರು ಕನ್ನಡಕ ತೆಗೆದಿಟ್ಟು ನಿಟ್ಟುಸಿರು ಬಿಟ್ಟರು. ಸ್ವಾಮಿಯೂ ಸಾಮಿಯೂ ಬೇರೆಯಲ್ಲ, ಇಬ್ಬರೂ ಒಬ್ಬನೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿಸಬೇಕಾಯಿತು. ಶಂಕರಾಚಾರ್ಯರು ಇಷ್ಟೆಲ್ಲ ಭಾಷ್ಯ ಬರೆಯುವ ಬದಲು ಒಬ್ಬ ನೋಟರಿಯನ್ನು ಹಿಡಿದಿದ್ದರೆ ಸಾಕಿತ್ತು.

ನೋಂದಣಿಯ ದಿನ ನನ್ನ ಎಡಗೈ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸಿಕೊಂಡರು. ಇಪ್ಪತ್ತು ವರ್ಷ ಪಾಠ ಹೇಳಿ ಕೊನೆಗೆ ಹೆಬ್ಬೆಟ್ಟು. ನಮ್ಮವರ ಗಮನ ಬೇರೆ ಕಡೆಗಿತ್ತು. ಮುದ್ರಾಂಕ ಶುಲ್ಕ ಸೆಸ್ಸು, ಸರ್‌ಚಾರ್ಜು ಸೇರಿ 5.6%, ನೋಂದಣಿ ಶುಲ್ಕ 1%. ಆಗ ಅವರಿಗೆ ಅದೇ ದೊಡ್ಡ ಕೊರಗು. ಮುಂದೆ ಕೆಲವು ತಿಂಗಳಿಗೆ, 2025ರ ಆಗಸ್ಟ್ 31ರಿಂದ, ಆ ಒಂದು ಎರಡಾಯಿತು. ಅವತ್ತಿನಿಂದ ನಮ್ಮವರು ದೂರದೃಷ್ಟಿಯುಳ್ಳವರು. ಹಾಲಿನವನಿಗೂ ಈ ವಿಷಯ ಗೊತ್ತಿದೆ.

ಕ್ರಯಪತ್ರದಲ್ಲಿ ನನಗೆ ಹಿಡಿಸಿದ್ದು ಚಕ್ಕುಬಂದಿ. ಹೊಲಗದ್ದೆಗಾದರೆ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ ಎಂದು ಕಣ್ಣಿಗೆ ಕಟ್ಟುವಂತೆ ಇರುತ್ತದೆ. ನಮ್ಮದರಲ್ಲಿ ಪೂರ್ವಕ್ಕೆ ಮೆಟ್ಟಿಲು. ಪಶ್ಚಿಮಕ್ಕೆ ತೆರೆದ ಜಾಗ. ಉತ್ತರಕ್ಕೆ ತೆರೆದ ಜಾಗ. ದಕ್ಷಿಣಕ್ಕೂ ತೆರೆದ ಜಾಗ. ಅಂದರೆ ಮೂರು ಕಡೆ ಗಾಳಿ. ಓದಿ ಹೇಳಿದಾಗ ಅತ್ತೆ, "ಭೂಮಿ ಮೇಲೂ ಅಲ್ಲ, ಆಕಾಶದಲ್ಲೂ ಅಲ್ಲ. ಹಿರಣ್ಯಕಶಿಪು ವರ ಕೇಳಿದ ಹಾಗಿದೆ" ಎಂದರು.

ಬಂದು ಮೂರು ತಿಂಗಳಾದ ಮೇಲೆ ತಿಳಿಯಿತು, ಪತ್ರ ಬರೆದವರಿಗೆ ಈ ಮನೆಯ ಚಕ್ಕುಬಂದಿ ಗೊತ್ತಿರಲಿಲ್ಲ. ಪಶ್ಚಿಮಕ್ಕೆ ತೆರೆದ ಜಾಗವಲ್ಲ, ಸರಳೆ ವರಸೆ ಇದೆ. ಗಲ್ಲಿಯಾಚೆಯ ಮನೆಯಲ್ಲಿ ಒಂದು ಮಗು ವೀಣೆ ಕಲಿಯುತ್ತಿದೆ. ಸಂಜೆ ಆರಕ್ಕೆ ಮಾಯಾಮಾಳವಗೌಳ. ಮೂರನೆಯ ವರಸೆಯಲ್ಲಿ ಒಂದು ಕಡೆ ಅದು ದಿನಾ ಎಡವುತ್ತದೆ. ಆ ಜಾಗ ಬರುವಾಗ ನಾನು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿ ಕಾಯುತ್ತೇನೆ. ಉತ್ತರಕ್ಕೆ ಪಕ್ಕದ ಕಟ್ಟಡದ ಕುಕ್ಕರು. ಅವರ ಮೂರನೇ ಸೀಟಿಗೆ ನಾನು ನನ್ನ ಕುಕ್ಕರ್ ಆರಿಸಿಬಿಟ್ಟು, ಅನ್ನ ಅಕ್ಕಿಯಾಗಿಯೇ ಉಳಿದ ದಿನಗಳಿವೆ. ದಕ್ಷಿಣಕ್ಕೆ ರಸ್ತೆ. ನಸುಕಿಗೆ ಹಾಲಿನ ಕ್ರೇಟುಗಳನ್ನು ಎತ್ತಿ ಕುಕ್ಕುವ ಸದ್ದು, ಸುಪ್ರಭಾತ, ದಂಟು ಮೆಂತ್ಯ ಸಬ್ಬಸಿಗೆಯನ್ನು ಒಂದೇ ಉಸಿರಿನಲ್ಲಿ ಒಂದೇ ಸೊಪ್ಪಿನ ಹೆಸರೆಂಬಂತೆ ಕೂಗುವ ಹೆಂಗಸು, ಹಳೇ ಪೇಪರಿನವನು, ರಾತ್ರಿ ಹನ್ನೊಂದಕ್ಕೆ ಮದುವೆ ಛತ್ರದಿಂದ ಪಾತ್ರೆ ತುಂಬಿಕೊಂಡು ಹೊರಡುವ ಟೆಂಪೊ. ಪೂರ್ವದ ಮೆಟ್ಟಿಲಿನಲ್ಲಿ ದಿನ ಬಿಟ್ಟು ದಿನ ಕಾವೇರಿ ಬರುತ್ತಾಳೆ. ಅವಳು ಬಂದಳೆಂದು ಕೆಳಗಿನ ಮನೆಯಾಕೆ ಎಲ್ಲರಿಗೂ ಕೇಳುವಂತೆ "ನೀರೂ..." ಎನ್ನುತ್ತಾರೆ. ಫೋನಿನಲ್ಲಿ ಗುಂಪು ಇದೆ, ಅದರಲ್ಲಿಯೂ ಹಾಕುತ್ತಾರೆ. ಆದರೆ ಆ ಕೂಗು ಕೇಳುವವರೆಗೆ ಯಾರೂ ಮೋಟಾರಿನ ಗುಂಡಿ ಒತ್ತುವುದಿಲ್ಲ.

ಚಕ್ಕುಬಂದಿಯಲ್ಲಿ ಇರುವುದು ನಾಲ್ಕೇ ದಿಕ್ಕು. ಮಹಡಿ ಮನೆಗೆ ಇನ್ನೆರಡು ಬೇಕು, ಮೇಲೆ ಮತ್ತು ಕೆಳಗೆ. ನಮ್ಮ ಬಚ್ಚಲಿನ ತಾರಸಿಯಲ್ಲಿ ಮೊದಲು ಕಾಣಿಸಿದ್ದು ಬೀದರ್ ಇರಬೇಕಾದ ಕಡೆ ಒಂದು ಸಣ್ಣ ತೇವದ ಕಲೆ. ಒಂದು ತಿಂಗಳಲ್ಲಿ ಅದು ರಾಯಚೂರು, ಚಿತ್ರದುರ್ಗ ದಾಟಿ ಮೈಸೂರಿಗೆ ಇಳಿಯಿತು. ಆಮೇಲೆ ಕರಾವಳಿಗೆ ತಿರುಗಿತು. ಮಳೆಗಾಲ ಮುಗಿಯುವ ಹೊತ್ತಿಗೆ ಕಾಸರಗೋಡೂ ಸೇರಿತ್ತು. 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿಯೂ ಆಗದೇ ಹೋದದ್ದು ನಮ್ಮ ಬಚ್ಚಲಿನಲ್ಲಿ ಆಯಿತು.

ಮೇಲಿನ ಮನೆಯವರು ನಿವೃತ್ತರು, ಸಾಧು ಮನುಷ್ಯರು. ಕರೆದ ಕೂಡಲೇ ಇಳಿದು ಬಂದರು, ಕೈ ಹಿಂದೆ ಕಟ್ಟಿಕೊಂಡು ತಾರಸಿ ನೋಡಿದರು. "ಹಿಂದಿನವರು ಒಂದು ದಿನಕ್ಕೂ ಹೇಳಲಿಲ್ಲವಲ್ಲ" ಎಂದರು. ಹಿಂದಿನವರು ಹೇಳದೆ ಮನೆಯನ್ನೇ ಮಾರಿದರು ಎನ್ನುವುದು ಆಗ ನಮಗೆ ಹೊಳೆಯಿತು. ಪ್ಲಂಬರು ಮೇಲಿನ ಬಚ್ಚಲಿನ ನೆಲ ಪೂರ್ತಿ ಒಡೆಯಬೇಕು ಎಂದ. ಇನ್ನೊಬ್ಬ ಪ್ಲಂಬರು ಮೊದಲಿನವನಿಗೆ ಕೆಲಸ ಬರುವುದಿಲ್ಲ ಎಂದ. ಈ ಮಾತುಕತೆ ಐದು ತಿಂಗಳು ಪ್ರತಿ ಭಾನುವಾರ ನಮ್ಮ ಹಜಾರದಲ್ಲಿ, ನಮ್ಮ ಕಾಫಿಯೊಂದಿಗೆ ನಡೆದು, ಕೊನೆಗೆ ಜಂಟಿಗೆ ಬಿಳಿ ಸಿಮೆಂಟು ತುಂಬಿದ ಅರ್ಧ ದಿನದ ಕೆಲಸದಲ್ಲಿ ಮುಗಿಯಿತು. ಸೋರುವುದು ನಿಂತಿತು. ಭಾನುವಾರದ ಕಾಫಿ ನಿಂತಿಲ್ಲ. ನಕ್ಷೆಗೆ ಬಣ್ಣ ಬಳಿಸಲು ನಮ್ಮವರು ಒಪ್ಪುತ್ತಿಲ್ಲ; ಅಳಿಸುವುದು ರಾಜ್ಯೋತ್ಸವ ಕಳೆದ ಮೇಲೆ ನೋಡೋಣ ಎನ್ನುತ್ತಾರೆ.

ಇಷ್ಟು ಹೊತ್ತಿಗೆ ಅತ್ತೆಯ ಬರಹೋಗುವಿಕೆ ಹೆಚ್ಚಾಗಿತ್ತು. ಮೊದಮೊದಲು "ಇಲ್ಲಿ ಉಸಿರು ಕಟ್ಟುತ್ತೆ" ಎಂದು ಎರಡು ದಿನಕ್ಕೇ ಬಸ್ಸು ಹತ್ತುತ್ತಿದ್ದವರು ಈಗ ಹದಿನೈದು ದಿನ ನಿಲ್ಲುತ್ತಾರೆ. ಎಂಟನೇ ಕ್ರಾಸಿನಲ್ಲಿ ಹೂ ಮಾರುವವಳು ತುರುವೇಕೆರೆ ಕಡೆಯವಳಂತೆ. ಇಬ್ಬರೂ ಸೇರಿ ಅಂಗಡಿಗಳಲ್ಲಿನ ತೆಂಗಿನಕಾಯಿಯ ಗಾತ್ರ ಕಂಡು ಮರುಗುತ್ತಾರೆ. "ಇದು ಕಾಯೋ ನಿಂಬೆಹಣ್ಣೋ" ಎಂದು ಅತ್ತೆ ಕೇಳಿದ್ದಕ್ಕೆ ಒಬ್ಬ ಅಂಗಡಿಯವನು ನಮ್ಮ ಜೊತೆ ಈಗಲೂ ಸರಿಯಾಗಿ ಮಾತಾಡುವುದಿಲ್ಲ. ಊರಿನಿಂದ ಬರುವಾಗ ಚೀಲದ ತುಂಬ ಕಾಯಿ ತಂದು ಎಂಟೂ ಮನೆಗೆ ಹಂಚುತ್ತಾರೆ. ಎಂಟು ಮನೆಯ ಹೆಂಗಸರ ಬಾಣಂತನ, ಮಂಡಿನೋವು, ಸೊಸೆಯಂದಿರ ವಿಚಾರ ಅವರಿಗೆ ಗೊತ್ತು. ನನಗೆ ಇನ್ನೂ ಮೂರು ಮನೆಯವರ ಹೆಸರೇ ಗೊತ್ತಿಲ್ಲ.

ಒಂದು ಸಂಜೆ ಅವರನ್ನು ಕಾಡುಮಲ್ಲೇಶ್ವರನ ಗುಡಿಗೆ ಕರೆದುಕೊಂಡು ಹೋಗಿದ್ದೆ. 1669ರಲ್ಲಿ ಶಿವಾಜಿಯ ಮಲಸಹೋದರ ಏಕೋಜಿ ಮೇದರನಿಂಗನಹಳ್ಳಿ ಎಂಬ ಇಡೀ ಊರನ್ನೇ ಮಲ್ಲಪುರದ ಈ ದೇವರಿಗೆ ಬರೆದುಕೊಟ್ಟದ್ದು ಕಲ್ಲಿನ ಶಾಸನದಲ್ಲಿದೆ ಎಂದು ಹೇಳಿದೆ. ಕಲ್ಲಿನ ಮೇಲೆ ಬರೆದದ್ದಕ್ಕೆ ಹೆಸರು ತಿದ್ದಿಸುವ ತಾಪತ್ರಯವಿಲ್ಲ ಎಂದರು ನಮ್ಮವರು. ಎದುರಿನ ನಂದಿತೀರ್ಥದಲ್ಲಿ ನಂದಿಯ ಬಾಯಿಂದ ಲಿಂಗದ ಮೇಲೆ ಸುರಿಯುವ ನೀರನ್ನು ಅತ್ತೆ ಬಹಳ ಹೊತ್ತು ನೋಡುತ್ತ ನಿಂತರು. ಇದೆಲ್ಲ ಮಣ್ಣಿನಡಿ ಹೂತುಹೋಗಿ, ಮೇಲೆ ಬರೀ ಖಾಲಿ ಜಾಗವಿದ್ದು, 1997ರಲ್ಲಿ ಅಗೆದಾಗ ಕಲ್ಯಾಣಿ ಸಮೇತ ಹೊರಬಂತು ಎಂದಾಗ ಅವರ ಮುಖ ಬದಲಾಯಿತು.

"ನಿಮ್ಮ ಮುನ್ನೂರು ಅಡಿಯನ್ನ ಯಾರಾದ್ರೂ ಅಗೆದು ನೋಡಿದಾರಾ?"

ಮರುದಿನವೇ ಅಗೆಸಿದರು. ನಂದಿಗಲ್ಲ, ಸಸಿಗೆ. ಮುಂದಿನ ಸಲ ಬಂದಾಗ ಚೀಲದಲ್ಲಿ ತರುತ್ತೇನೆ ಎಂದುಕೊಂಡಿದ್ದ ಸಸಿಯನ್ನು ಹೂವಿನವಳ ತಮ್ಮನ ಕೈಲಿ ಅವತ್ತೇ ತರಿಸಿದರು. ಗೇಟಿನ ಪಕ್ಕ, ಸಂಪಿನಿಂದ ದೂರ, ಕಾಂಪೌಂಡಿನ ಮೂಲೆಯಲ್ಲಿ ಮೂರಡಿ ಗುಂಡಿ. ನಮ್ಮವರು ಕಾಫಿ ಲೋಟ ಹಿಡಿದು ಕೊನೆಯವರೆಗೂ ಗುಂಡಿಯ ಅಂಚಿನಲ್ಲಿ ನಿಂತಿದ್ದರು. ಏನೂ ಹೇಳಲಿಲ್ಲ, ಆದರೆ ಪ್ರತಿ ಸಲ ಗುದ್ದಲಿ ಕಲ್ಲಿಗೆ ತಾಗಿದಾಗ ಬಗ್ಗುತ್ತಿದ್ದರು. ಸಿಕ್ಕಿದ್ದು ಅರ್ಧ ಇಟ್ಟಿಗೆ, ಕರಿಯ ಬೇಕಲೈಟಿನ ಹಳೇ ಸ್ವಿಚ್ಚು, ಒಂದು ಹಸಿರು ಗೋಲಿ.

ನಮ್ಮ ಕಟ್ಟಡಕ್ಕೂ ಒಂದು ಸಂಘವಿದೆ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಸಹ ಕಾರ್ಯದರ್ಶಿ, ಖಜಾಂಚಿ, ಲೆಕ್ಕಪರಿಶೋಧಕ, ಸಲಹೆಗಾರ ಎಂದು ಪದಾಧಿಕಾರಿಗಳು ಏಳು. ಸಾಮಾನ್ಯ ಸದಸ್ಯರು ನಾವೊಬ್ಬರೇ. ಸಭೆ ನಡೆಯುವುದು ಮೆಟ್ಟಿಲ ಮೇಲೆ, ಯಾವ ಮಹಡಿಯವರು ಆ ಮಹಡಿಯ ಮೆಟ್ಟಿಲಲ್ಲಿ ಕೂತು. ತುರ್ತು ಸಭೆಯ ವಿಷಯ ಒಂದೇ: ಗೇಟಿನ ಪಕ್ಕದ ತೆಂಗಿನ ಸಸಿ ಯಾರ ಪಾಲಿನಲ್ಲಿದೆ? ಕಾರ್ಯದರ್ಶಿಗಳು ಕ್ರಯಪತ್ರ ತಂದಿದ್ದರು. ಎಂಟೂ ಮನೆಯ ಪತ್ರದಲ್ಲಿ ಇದ್ದದ್ದು ಅದೇ ಸಾಲು. ಬೇರು ಸಂಪಿಗೆ ಹೋದರೆ ಯಾರು ಹೊಣೆ, ಕಾಯಿ ಯಾರ ಸ್ಕೂಟರಿನ ಮೇಲೆ ಬಿದ್ದರೆ ಯಾರು ಹೊಣೆ, ಎಳನೀರು ಎಂಟರಲ್ಲಿ ಹೇಗೆ ಹಂಚುವುದು ಎಂದು ಒಂದೂವರೆ ಗಂಟೆ ಚರ್ಚೆಯಾಗಿ, ಫಲ ಬರಲು ಇನ್ನೂ ಆರೇಳು ವರ್ಷ ಇದೆ ಎಂದು ಅತ್ತೆ ಮೇಲಿನಿಂದ ಕೂಗಿ ಹೇಳಿದ ಮೇಲೆ, ವಿಷಯವನ್ನು ಮುಂದೂಡಲಾಯಿತು.

ಅತ್ತೆ ಊರಿಗೆ ಹೋದರು. ತಿಂಗಳೊಳಗೆ ಸಸಿಯ ಗರಿ ಹಳದಿಗೆ ತಿರುಗಿತು. ಫೋಟೊ ತೆಗೆದು ಕಳಿಸಿದೆ. ಎರಡೇ ನಿಮಿಷಕ್ಕೆ ಫೋನು ಬಂತು.

"ದಿನಕ್ಕೆ ಎಷ್ಟು ನೀರು ಹಾಕ್ತಿದೀಯ?"

"ಬೆಳಿಗ್ಗೆ ಒಂದು ಬಿಂದಿಗೆ, ಅಷ್ಟೆ."

ಅಷ್ಟೆ ಆಗಿರಲಿಲ್ಲ. ವಿಚಾರಿಸಿದರೆ ಕೆಳಗಿನ ಮನೆಯಾಕೆ ರಂಗೋಲಿ ಹಾಕುವ ಮುಂಚೆ ಒಂದು ಬಿಂದಿಗೆ ಸುರಿಯುತ್ತಾರೆ. ಮೇಲಿನವರು ವಾಕಿಂಗಿನಿಂದ ಬಂದು ಒಂದು ಬಿಂದಿಗೆ. ಖಜಾಂಚಿಗಳ ಮನೆಯಿಂದ ಅಕ್ಕಿ ತೊಳೆದ ನೀರು. ಸಂಪಿನ ವಿಚಾರ ಎತ್ತಿದ್ದ ಕಾರ್ಯದರ್ಶಿಗಳೂ ಕತ್ತಲಾದ ಮೇಲೆ ಪೈಪು ಹಿಡಿಯುತ್ತಿದ್ದರಂತೆ. ಹೀಗೆ ಎಂಟೂ ಮನೆ.

"ಕೊಳೆಸಿಬಿಟ್ಟೀರ!" ಎಂದು ಅತ್ತೆ ಆ ಕಡೆಯಿಂದ ಕಿರುಚಿದರು. "ಎಲ್ಲಾರೂ ನಿಲ್ಸಿ. ಯಾರಾದ್ರೂ ಒಬ್ರು ಹಾಕಿದ್ರೆ ಸಾಕು."

ಆ ಒಬ್ಬರು ಯಾರು ಎಂದು ತೀರ್ಮಾನಿಸಲು ಬರುವ ಭಾನುವಾರ ಹತ್ತು ಗಂಟೆಗೆ ಮೆಟ್ಟಿಲ ಮೇಲೆ ಸಭೆಯಿದೆ. ಕಾಫಿ ನಮ್ಮ ಮನೆಯದು.